ಬಿತ್ತನೆಯ ಬೀಜಕ್ಕೆ ಬಿಸಿನೀರಿನ ಸ್ನಾನ

ಬೀಜ ಚೆನ್ನಾಗಿದ್ದರೆ ಬೆಳೆ ಚೆನ್ನಾಗಿರುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ನೋಡುವುದಕ್ಕೆ ತುಂಬಿಕೊಂಡು, ಹೊಳಪಿನಿಂದ ಕೂಡಿ, ತೂಕದಲ್ಲಿಯೂ ಕಡಮೆಯಿಲ್ಲದ ಕಾಳಿನ ಒಡಲಿನಲ್ಲಿಯೇ ರೋಗವು ಅಡಗಿ ಕುಳಿತಿದ್ದರೆ ಮಾಡುವುದೇನು? ಬೀಜವನ್ನು ಕೊಲ್ಲದೆ, ಅದರೊಳಗಿನ ಶತ್ರುವನ್ನು ಮಾತ್ರ ಕೊಲ್ಲುವುದು ಸಾಧ್ಯವೆ?

ಜೋಳದ ಕಾಡಿಗೆ ರೋಗವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಹೊಲದಲ್ಲಿ ಕಂಡಿರಬಹುದು. ತೆನೆಯಲ್ಲಿ ಕಾಳಿರಬೇಕಾದ ಎಡೆಯಲ್ಲಿ ಕಪ್ಪು ಹುಡಿ ತುಂಬಿದ ಪುಟ್ಟ ಚೀಲಗಳಿರುತ್ತವೆ. ಒಕ್ಕಣೆಯಲ್ಲಿ ಈ ಚೀಲಗಳು ಒಡೆದು, ಹುಡಿಯು ಒಳ್ಳೆಯ ಕಾಳುಗಳ ಮೈಗೆ ಅಂಟಿಕೊಳ್ಳುತ್ತದೆ. ಶತ್ರುವು ಇಲ್ಲಿ ಹೊರಗೇ ಇರುವುದರಿಂದ ಬೀಜಕ್ಕೆ ಗಂಧಕದ ನಯವಾದ ಪುಡಿಯನ್ನು ಸವರಿ ಬಿತ್ತಿದರೆ ಹಾವಳಿಯು ತಗ್ಗುತ್ತದೆ.

ಗೋಧಿಯ ಬಿಡಿಕಾಡಿಗೆ ರೋಗದ ರೀತಿಯೇ ಬೇರೆ. ರೋಗ ಹತ್ತಿದ ಗೋಧಿಯ ತೆನೆಯು ಹೊರಬರುವಾಗಲೇ ಕರಿಯ ಹುಡಿಯಿಂದ ಮುಚ್ಚಿರುತ್ತದೆ. ಗಾಳಿಯು ಹುಡಿಯನ್ನು ಹೊತ್ತೊಯ್ದ ಬಳಿಕ ಉಳಿಯುವುದು ಬರಿಯ ಕಡ್ಡಿ. ಹುಡಿಯ ಒಂದೊಂದು ಕಣವೂ ಶಿಲೀಂಧ್ರದ ಬೀಜಾಣು. ಆ ವೇಳೆಗೆ ನೆರೆಯ ಆರೋಗ್ಯವಂತ ತೆನೆಗಳು ಹೂವಾಡುತ್ತಿರುತ್ತವೆ. ಹೂವಿನ ಮೇಲೆ ಬಿದ್ದ ಬೀಜಾಣು ಮೊಳೆತು, ಅದರ ಸೂಕ್ಷ್ಮವಾದ ಎಳೆಯು ಅಂಡಾಶಯವನ್ನು ಹೊಕ್ಕು, ಬೆಳೆಯುತ್ತಿರುವ ಭ್ರೂಣದಲ್ಲಿ ನೆಲೆಸಿ ನಿದ್ರಿಸತೊಡಗುತ್ತದೆ. ಅಂತಹ ಕಾಳಿಗೂ ಒಳ್ಳೆಯ ಕಾಳಿಗೂ ಕಣ್ಣಿಗೆ ಕಾಣುವ ಭೇದ ಯಾವುದೂ ಇಲ್ಲ. ಬಿತ್ತಿದ ಮೇಲೆ ಎಳೆಯು ಸಸಿಯೊಡನೆ ತಾನೂ ಏರುತ್ತ ಹೋಗಿ, ತೆನೆಯನ್ನು ಸೇರಿ, ಕಾಳನ್ನು ಕರಿಯ ಹುಡಿಯಾಗಿಸುತ್ತದೆ. ಕಾಳಿನ ಮೈಗೆ ಸವರಿದ ಗಂಧಕವು ಈ ಒಳಗಿನ ಎಳೆಯನ್ನು ಮುಟ್ಟಲಾರದು.

ಇದಕ್ಕೆ ದಾರಿ ತೋರಿದವನು ಡೆನ್ಮಾರ್ಕಿನ ಯೆನ್ಸ್ ಲುಡ್ವಿಗ್ ಯೆನ್ಸನ್. ಓಟ್ಸ್ ಮತ್ತು ಬಾರ್ಲಿಗಳ ಕಾಡಿಗೆ ರೋಗವನ್ನು ಬಿಸಿನೀರಿನಿಂದ ತಡೆಯಬಹುದೆಂದು ತೋರಿಸಿ, ಆತನು ತನ್ನ ಪ್ರಬಂಧವನ್ನು 1888ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದನು. ಬಿಡಿಕಾಡಿಗೆಯು ಹೂವಿನ ಮೂಲಕ ಕಾಳನ್ನು ಹೊಗುವುದೆಂಬ ವಿಷಯವು ಆಗ ಇನ್ನೂ ಸ್ಥಿರಪಟ್ಟಿರಲಿಲ್ಲ. ಅದನ್ನು ಟ್ಯಾಸ್ಮೇನಿಯದ ಮ್ಯಾಡಕ್ಸನು ಆ ಶತಮಾನದ ಕೊನೆಯ ದಶಕದಲ್ಲಿ ತೋರಿಸಿಕೊಟ್ಟನು. ಕಾರಣ ತಿಳಿಯುವ ಮೊದಲೇ ಮದ್ದು ದೊರೆಯಿತು! ವಿಜ್ಞಾನದ ಚರಿತ್ರೆಯಲ್ಲಿ ಇದು ನಾವು ಎಣಿಸುವಷ್ಟು ಅಪೂರ್ವವಲ್ಲ.

ಬಿಸಿನೀರಿನ ರಹಸ್ಯವಿರುವುದು ಬರಿಯ ಬಿಸಿಯಲ್ಲಲ್ಲ. ಒಣಗಿ ನಿದ್ರಿಸುತ್ತಿರುವ ಜೀವಕಣವು ಬಹಳ ಶಾಖವನ್ನು ತಡೆದುಕೊಳ್ಳುತ್ತದೆ. ನೀರುಂಡು ಎಚ್ಚತ್ತ ಕಣವು ಅಷ್ಟನ್ನು ತಡೆಯಲಾರದು. ಆದುದರಿಂದ ಮೊದಲು ಬೀಜವನ್ನು ನಾಲ್ಕೈದು ಗಂಟೆಗಳ ಕಾಲ ತಣ್ಣೀರಿನಲ್ಲಿ ನೆನೆಯಿಸಬೇಕು. ಅಷ್ಟರಲ್ಲಿ ಶಿಲೀಂಧ್ರವು ಎಚ್ಚರಗೊಂಡಿರುತ್ತದೆ. ಗೋಧಿಯ ಭ್ರೂಣವಾದರೋ ಇನ್ನೂ ಮೈಮುರಿಯುತ್ತಿರುತ್ತದೆ. ಕೊಲ್ಲುವುದಕ್ಕೆ ತಕ್ಕ ಸಮಯ ಅದೇ. ಬಳಿಕ ಬೀಜವನ್ನು ಸಡಿಲವಾದ ಚೀಲದಲ್ಲಿ ಕಟ್ಟಿ, 49 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ನೀರಿನಲ್ಲಿ ಒಂದು ನಿಮಿಷ ಅದ್ದಿ, ಆಮೇಲೆ 54 ಡಿಗ್ರಿಯ ನೀರಿನಲ್ಲಿ 10 ನಿಮಿಷ ಇಡುತ್ತಾರೆ. ಮೊದಲ ಅದ್ದುವಿಕೆಯಿಂದ ಕಾಳು ಬೆಚ್ಚಗಾಗುವುದರಿಂದ ಎರಡನೆಯ ಪಾತ್ರೆಯ ನೀರು ಒಮ್ಮೆಲೇ ಆರಿಹೋಗುವುದಿಲ್ಲ. ಬಾರ್ಲಿಗೆ 52 ಡಿಗ್ರಿ, 13 ನಿಮಿಷ. ಕೂಡಲೇ ತಣ್ಣೀರಿನಲ್ಲಿ ಅದ್ದಿ, ತೆಳ್ಳಗೆ ಹರಡಿ ಒಣಗಿಸಬೇಕು.

ಕೆಲವೇ ಡಿಗ್ರಿ ಕಡಮೆಯಾದರೆ ಶಿಲೀಂಧ್ರ ಬದುಕುತ್ತದೆ. ಒಂದೆರಡು ಡಿಗ್ರಿ ಮೀರಿದರೂ ಮೊಳಕೆಗೆ ಕೇಡು ತಪ್ಪದು. ಕೈಯನ್ನು ಅದ್ದಿ ಬಿಸಿಯನ್ನು ಅಂದಾಜು ಮಾಡುವವನು ಇಡೀ ವರ್ಷದ ಬಿತ್ತನೆಯನ್ನೇ ಪಣವಾಗಿ ಒಡ್ಡಿದಂತೆ. ಒಳ್ಳೆಯ ಉಷ್ಣಮಾಪಕವಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಹಳೆಯ ಅಥವಾ ಒಕ್ಕಣೆಯಲ್ಲಿ ಬಿರುಕುಬಿಟ್ಟ ಬೀಜವು ಇನ್ನೂ ಬೇಗ ಕೆಡುವುದರಿಂದ, ಮೊದಲು ಒಂದು ಹಿಡಿ ಕಾಳನ್ನು ಉಪಚರಿಸಿ, ಒದ್ದೆ ಬಟ್ಟೆಯಲ್ಲಿ ಮೊಳೆಯಿಸಿ ನೋಡುವುದು ಲೇಸು.

ಉಷ್ಣಮಾಪಕವಿಲ್ಲದ ಮನೆಗಳಿಗಾಗಿ ಪಂಜಾಬಿನ ಲಾಯಲ್‌ಪುರದಲ್ಲಿ (ಈಗಿನ ಪಾಕಿಸ್ತಾನದ ಫೈಸಲಾಬಾದ್) ಲೂಥ್ರಾ ಮತ್ತು ಸತ್ತಾರರು ಬೇರೊಂದು ಉಪಾಯವನ್ನು ರೂಪಿಸಿ 1934ರಲ್ಲಿ ಪ್ರಕಟಿಸಿದರು. ಕಡುಬೇಸಗೆಯ ಒಂದು ದಿನ ಬೆಳಗಿನಿಂದ ನಡುಹಗಲಿನವರೆಗೆ ಗೋಧಿಯನ್ನು ನೆನೆಯಿಸಿ, ಬಳಿಕ ಸುಡುಬಿಸಿಲಿನಲ್ಲಿ ತೆಳ್ಳಗೆ ಹರಡುವುದು, ಅಷ್ಟೇ. ತತ್ತ್ವವು ಯೆನ್ಸನ್ನನದೇ, ಒಲೆಯ ಕೆಲಸವನ್ನು ಮಾತ್ರ ಸೂರ್ಯನು ಮಾಡುತ್ತಾನೆ. ಸೌದೆಯ ಖರ್ಚಿಲ್ಲದ ಈ ಕ್ರಮವು ನಮ್ಮ ಮೆಚ್ಚಿಕೆಗೆ ಹೆಚ್ಚು ಪಾತ್ರವಾದುದು. ಮೋಡ ಕವಿದ ದಿನ ಮಾತ್ರ ಇದು ನಡೆಯದು.

1966ರಲ್ಲಿ ಕಾರ್ಬಾಕ್ಸಿನ್ ಎಂಬ, ಬೀಜದ ಒಳಕ್ಕೂ ಇಳಿಯಬಲ್ಲ ಔಷಧದ ಗುಣವು ಪ್ರಕಟವಾದ ಮೇಲೆ ಗೋಧಿಯ ಮಟ್ಟಿಗೆ ಬಿಸಿನೀರಿನ ಬಳಕೆ ಕುಗ್ಗಿತು. ಕೋಸಿನ ಕಪ್ಪು ಕೊಳೆಯಂತಹ, ಬ್ಯಾಕ್ಟೀರಿಯಗಳಿಂದ ಬರುವ ರೋಗಗಳಿಗೆ ಇಂದಿಗೂ ಅದು ಉಪಯೋಗದಲ್ಲಿದೆ. ಕೋಸಿನ ಬೀಜಕ್ಕೆ 50 ಡಿಗ್ರಿಯಲ್ಲಿ ಸುಮಾರು 25 ನಿಮಿಷ.

ಇನ್ನೊಂದು ಮಾತು. ಬಿಸಿನೀರು ಬೀಜದಲ್ಲಿ ಇರುವ ರೋಗವನ್ನು ಕೊಲ್ಲುತ್ತದೆಯೇ ಹೊರತು, ಮುಂದೆ ಬರುವ ರೋಗವನ್ನು ತಡೆಯುವುದಿಲ್ಲ. ಪಕ್ಕದ ಹೊಲದ ಕಾಡಿಗೆ ಹಿಡಿದ ತೆನೆಗಳಿಂದ ಹಾರಿಬಂದ ಹುಡಿಯು ನಮ್ಮ ಗೋಧಿಯ ಹೂವಿಗೆ ತಾಕಿದರೆ ಮರುವರ್ಷದ ಬೀಜವು ಮತ್ತೆ ಮಲಿನವಾಗುತ್ತದೆ. ಆದುದರಿಂದ ಬಿತ್ತನೆಯನ್ನೆಲ್ಲ ಉಪಚರಿಸುವ ಬದಲು ಸ್ವಲ್ಪ ಬೀಜವನ್ನು ಮಾತ್ರ ಉಪಚರಿಸಿ, ಇತರ ಗೋಧಿಯ ಹೊಲಗಳಿಂದ ದೂರದ ತುಂಡು ಭೂಮಿಯಲ್ಲಿ ಬಿತ್ತುತ್ತಾರೆ. ಅಲ್ಲಿ ಬಂದ ಫಸಲನ್ನು ಮುಂದಿನ ವರ್ಷದ ಬಿತ್ತನೆಗೆಂದು ಬೇರೆಯಾಗಿ ತೆಗೆದಿಡುತ್ತಾರೆ.