ಹೃದಯದ ಕಡಿವಾಣ

ಓಡಿಬಂದವನ ಎದೆ ಡವಡವ ಬಡಿದುಕೊಳ್ಳುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಸುಮ್ಮನೆ ಕುಳಿತವನ ಹೃದಯವು ನಿಮಿಷಕ್ಕೆ ಸುಮಾರು 70 ಸಲ ಮಾತ್ರ ಬಡಿಯುವುದೇಕೆಂದು ನಾವು ಕೇಳಿಕೊಳ್ಳುವುದು ಅಪರೂಪ. ನರಗಳ ಹಂಗಿಲ್ಲದೆ ತನ್ನಷ್ಟಕ್ಕೆ ಬಿಟ್ಟರೆ ಪ್ರಾಯದವರ ಹೃದಯವು ನಿಮಿಷಕ್ಕೆ ಸುಮಾರು 100 ಸಲ ಬಡಿಯುವುದು. ಹೃದಯ ಬದಲಿ ಶಸ್ತ್ರಚಿಕಿತ್ಸೆಯಾದವರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಆದುದರಿಂದ ವಿಶ್ರಾಂತಿಯೆಂಬುದು ಹೃದಯವನ್ನು ಸಡಿಲ ಬಿಟ್ಟ ಸ್ಥಿತಿಯಲ್ಲ, ಕಡಿವಾಣ ಬಿಗಿಹಿಡಿದ ಸ್ಥಿತಿ. ಈ ವಿಷಯವನ್ನು ಅಭ್ಯಾಸ ಮಾಡುವಾಗ ನನಗೆ ಅತ್ಯಂತ ಸೋಜಿಗವೆನಿಸಿದ ಅಂಶವಿದು.

ಕಡಿವಾಣವೆಂದರೆ ವೇಗಸ್ ನರ. ಅದನ್ನು ವಿದ್ಯುತ್ತಿನಿಂದ ಪ್ರಚೋದಿಸಿದರೆ ಹೃದಯವು ನಿಧಾನವಾಗಿ ನಿಂತೇಹೋಗುವುದೆಂದು 1845ರಲ್ಲಿ ವೆಬರ್ ಸೋದರರು ತೋರಿಸಿದರು. ನರವು ಅಂಗವನ್ನು ಕೆಲಸಕ್ಕೆ ಹಚ್ಚುವುದಷ್ಟೇ ಅಲ್ಲ, ತಡೆಯಲೂ ಬಲ್ಲದೆಂಬುದು ಆಗ ಹೊಸ ಮಾತು. 1921ರಲ್ಲಿ ಆಟೋ ಲೋವಿ ಕಪ್ಪೆಯ ಹೃದಯಗಳ ಮೇಲೆ ಪ್ರಯೋಗ ನಡೆಸಿ, ಈ ತಡೆಯ ಸಂದೇಶವನ್ನು ಒಂದು ರಾಸಾಯನಿಕ ವಸ್ತುವು ಒಯ್ಯುವುದೆಂದು ಸಿದ್ಧಪಡಿಸಿದನು. ಅದೇ ಅಸಿಟೈಲ್‌ಕೋಲೀನ್.

ಈ ಕಡಿವಾಣವನ್ನು ಹಿಡಿದಿರುವ ಕೈ ಮಿದುಳಿನ ಕಾಂಡದಲ್ಲಿದೆ. ಕುತ್ತಿಗೆಯ ದೊಡ್ಡ ಅಪಧಮನಿಯ ಗೋಡೆಯಲ್ಲಿಯೂ ಮಹಾಪಧಮನಿಯ ಕಮಾನಿನಲ್ಲಿಯೂ ರಕ್ತದ ಒತ್ತಡವನ್ನು ಅಳೆಯುವ ನರತುದಿಗಳಿವೆ. ಒತ್ತಡವೇರಿದೊಡನೆ ಅವು ಮಿದುಳಿನ ಕಾಂಡಕ್ಕೆ ವರದಿ ಕಳುಹಿಸುತ್ತವೆ. ಅಲ್ಲಿಂದ ಆಜ್ಞೆಯು ಎರಡು ದಾರಿಗಳಲ್ಲಿ ಹೊರಡುವುದು. ಒಂದು, ವೇಗಸ್ ನರದ ಕೋಶಗಳನ್ನು ಎಚ್ಚರಿಸಿ ಹೃದಯವನ್ನು ನಿಧಾನಿಸುವುದು. ಇನ್ನೊಂದು ದಾರಿ ತುಸು ಸುತ್ತಿನದು. ಹೃದಯವನ್ನು ಚುರುಕುಗೊಳಿಸುವ ಮತ್ತು ರಕ್ತನಾಳಗಳನ್ನು ಬಿಗಿಸುವ ಅನುವೇದನಾ ನರಗಳನ್ನು ಸದಾ ಹುರಿದುಂಬಿಸುವ ಕೋಶಗಳ ಗುಂಪೊಂದು ಅಲ್ಲಿದೆ. ಅದರ ನೆರೆಯಲ್ಲಿರುವ ಮತ್ತೊಂದು ಗುಂಪು ಗಾಬಾ ಎಂಬ ವಸ್ತುವನ್ನು ಸುರಿಸಿ ಆ ಕೋಶಗಳ ಬಾಯಿ ಮುಚ್ಚಿಸುವುದು. 1950ರಲ್ಲಿ ಮಿದುಳಿನಲ್ಲಿ ಪತ್ತೆಯಾದ ಈ ಗಾಬಾ ತಡೆಯ ಸಂದೇಶದ ಮುಖ್ಯ ವಾಹಕ.

ಕಡಿವಾಣ ಹಿಡಿದ ಕೈಗೂ ತಡೆಯುಂಟು. ನಾವು ಉಸಿರನ್ನು ಒಳಗೆಳೆದುಕೊಳ್ಳುವಾಗ ವೇಗಸ್ ಕೋಶಗಳ ಮೇಲೆಯೇ ಗಾಬಾ ಮತ್ತು ಗ್ಲೈಸೀನ್ ಬೀಳುತ್ತವೆ. ಆಗ ರಕ್ತನಾಳದ ವರದಿಗೂ ಅವು ಅಷ್ಟಾಗಿ ಓಗೊಡವು. ನಾಡಿ ತುಸು ಚುರುಕಾಗುವುದು. ಉಸಿರು ಬಿಡುವಾಗ ಮತ್ತೆ ನಿಧಾನವಾಗುವುದು. ವಾಚಕರು ಮಣಿಕಟ್ಟಿನ ಮೇಲೆ ಬೆರಳಿಟ್ಟು, ನಿಧಾನವಾಗಿ ದೀರ್ಘವಾಗಿ ಉಸಿರಾಡಿ ಇದನ್ನು ಪರೀಕ್ಷಿಸಬಹುದು. ತರುಣರಲ್ಲಿ ಈ ಏರಿಳಿತ ಹೆಚ್ಚು, ಇದು ರೋಗವಲ್ಲ.

ಇದರಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಮಿಕ್ಕ ರಕ್ತವು ಕೆಳಗಿನ ಭಾಗಗಳಿಗೆ ಇಳಿಯುವುದು. ಒತ್ತಡ ತಗ್ಗಿದೊಡನೆ ಕಡಿವಾಣ ಸಡಿಲಗೊಂಡು ಒಂದೆರಡು ಬಡಿತಗಳೊಳಗೆ ನಾಡಿ ಏರುವುದು. ರಕ್ತನಾಳಗಳು ಬಿಗಿಯಲು ಕೆಲವು ಸೆಕೆಂಡುಗಳು ಬೇಕು. ಮುಪ್ಪಿನಲ್ಲಿಯೂ ಹಳೆಯ ಮಧುಮೇಹದಲ್ಲಿಯೂ ಈ ವ್ಯವಸ್ಥೆ ಮಂದವಾಗುವುದರಿಂದ ಅಂಥವರು ಹಾಸಿಗೆಯಿಂದ ದಡಕ್ಕನೆ ಏಳಬಾರದು. ಇನ್ನು ಬಹಳ ಹೊತ್ತು ಬಿಸಿಲಲ್ಲಿ ನಿಂತಾಗ, ಇಲ್ಲವೆ ರಕ್ತವನ್ನು ಕಂಡಾಗ, ಕೆಲವರಲ್ಲಿ ಕಡಿವಾಣ ಅತಿಯಾಗಿ ಬಿಗಿದು, ಅನುವೇದನಾ ನರಗಳು ಮೌನತಾಳಿ, ಮಿದುಳಿಗೆ ರಕ್ತ ಸಾಲದೆ ಮೂರ್ಛೆ ಬರುವುದು. ಅದನ್ನು ಅಂಜುಬುರುಕುತನವೆಂದು ನಗುವುದು ಅನ್ಯಾಯ. ಬಿದ್ದವನನ್ನು ಎತ್ತಿ ಕೂರಿಸುವುದು ಇನ್ನೂ ಕೆಟ್ಟದ್ದು. ಅವನನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತಿ ಹಿಡಿಯಬೇಕು. ಬೇಗನೆ ಎಚ್ಚರವಾಗದಿದ್ದರೆ ವೈದ್ಯರನ್ನು ಕರೆಯಬೇಕು. ಸಹಪಾಠಿಗಳು ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಈ ಲೇಖನ ಬರೆದುದು ಸಾರ್ಥಕವೆಂದು ಭಾವಿಸುತ್ತೇನೆ.