ಕಸುಬೂ ಕಾಫಿಯ ಲೋಟವೂ: ಯೌವನಸ್ಥರ ತರಗತಿಗೆ ಒಂದು ಪಾಠ

ಗೊರೂರು ಎಂದಕೂಡಲೆ ನಮ್ಮ ಸೀಮೆಯವರಿಗೆ ಹೇಮಾವತಿಯ ಅಣೆಕಟ್ಟೆಯು ನೆನಪಿಗೆ ಬರುವದು. ಆ ಅಣೆಕಟ್ಟೆಯಿಂದ ಜಮೀನು ಮುಳುಗಿಹೋದ ಮನೆತನಗಳಲ್ಲಿ ಒಂದು ಗೊರೂರಿನ ಗೋಪಿನಾಥರದು. ಇವರು ದಂಡಿನಲ್ಲಿ ಕ್ಯಾಪ್ಟನ್ ಆಗಿದ್ದು 1971ರ ಯುದ್ಧವನ್ನು ಕಂಡವರು. ಯೌವನದಲ್ಲಿಯೇ ಆ ಕೆಲಸವನ್ನು ಬಿಟ್ಟು, ಮುಳುಗಡೆಗೆ ಬದಲಾಗಿ ದೊರೆತ ಅರಸೀಕೆರೆ ತಾಲ್ಲೂಕು ಜಾವಗಲ್ಲಿನ ಬರಡು ನೆಲಕ್ಕೆ ಬಂದು, ಗುಡಾರ ಹಾಕಿಕೊಂಡು ಬೇಸಾಯಕ್ಕೆ ನಿಂತರು. ತೆಂಗು ಇಟ್ಟರು, ರೇಷ್ಮೆಹುಳು ಸಾಕಿದರು, ಹಾಸನದಲ್ಲಿ ಮೋಟಾರ್ ಸೈಕಲ್ಲಿನ ಏಜೆನ್ಸಿ ಹಿಡಿದರು, ತಿಂಡಿಯ ಹೋಟೆಲನ್ನೂ ನಡಿಸಿದರು. ಅವರ ರೇಷ್ಮೆ ಬೇಸಾಯಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯು ಬಂತು. 2003ರಲ್ಲಿ ಏರ್ ಡೆಕ್ಕನ್ ಎಂಬ ವಿಮಾನ ಕಂಪನಿಯನ್ನು ಆರಂಭಿಸಿ, ಬಸ್ಸು ರೈಲುಗಳನ್ನಲ್ಲದೆ ಬೇರೇನನ್ನೂ ಹತ್ತದಿದ್ದ ಸಾಮಾನ್ಯ ಜನರನ್ನು ಅಗ್ಗದ ಟಿಕೇಟಿನಲ್ಲಿ ಆಕಾಶಕ್ಕೆ ಏರಿಸಿದರು. ಕೆಲವೇ ವರ್ಷಗಳಲ್ಲಿ ಆ ಕಂಪನಿಯು ಮತ್ತೊಂದರೊಡನೆ ಸೇರಿಹೋಯಿತು. ಆದಾಗ್ಯೂ ಅವರು ತೆರೆದ ದಾರಿಯು ಮುಚ್ಚಲಿಲ್ಲ.

ಈ ಚರಿತ್ರೆಯಿಂದ ನಮ್ಮ ಯೌವನಸ್ಥರು ಧೈರ್ಯವನ್ನೂ, ಒಂದು ಕೆಲಸವು ಕೆಟ್ಟರೆ ಇನ್ನೊಂದಕ್ಕೆ ಕೈಹಾಕುವ ಬಗೆಯನ್ನೂ ಕಲಿಯತಕ್ಕದ್ದು. ಆದರೆ ಒಂದು ವಿಷಯವನ್ನು ಮರೆಮಾಚಿ ಹೇಳುವದು ಸರಿಯಲ್ಲ. ಗೋಪಿನಾಥರು ಬ್ರಾಹ್ಮಣ ಮನೆತನದವರು. ಅವರ ಹೋಟೆಲಿನ ಇಡ್ಲಿಯನ್ನು ಯಾರೂ ಜಾತಿಯ ಕಾರಣದಿಂದ ಬೇಡವೆನ್ನಲಿಲ್ಲ. ಅದೇ ಇಡ್ಲಿಯನ್ನು, ಅದೇ ಅಕ್ಕಿ ಉದ್ದಿನಿಂದ, ನಮ್ಮ ಕೇರಿಯ ಹುಡುಗನೊಬ್ಬನು ತನ್ನ ಹಳ್ಳಿಯ ಬಸ್ ನಿಲ್ದಾಣದ ಬಳಿಯಲ್ಲಿ ಬೇಯಿಸಿ ಮಾರಿದರೆ ಕೊಳ್ಳುವವರು ಎಷ್ಟು ಮಂದಿ? ಬಂಡವಾಳವನ್ನು ಬ್ಯಾಂಕಿನಲ್ಲಿ ಸಾಲ ತರಬಹುದು, ಅಡಿಗೆಯನ್ನು ಕಲಿಯಬಹುದು; ಕೈಯನ್ನು ಮಾತ್ರ ಬದಲಾಯಿಸಿಕೊಳ್ಳಲಾಗದು. ಈ ಕಾರಣದಿಂದಲೇ ನಮ್ಮ ಹುಡುಗರಲ್ಲಿ ಅನೇಕರು ಹೋಟೆಲು ಇಡಬೇಕೆಂದರೆ ತಮ್ಮನ್ನು ಯಾರೂ ಅರಿಯದ ಪಟ್ಟಣಕ್ಕೆ ಹೋಗುವರು.

ಹಾಲಿನ ಡೈರಿಯನ್ನು ನೋಡಿರಿ. ಬೆಳಿಗ್ಗೆ ಗೌಡರ ಮನೆಯ ಹಾಲೂ ಕೇರಿಯ ಮನೆಯ ಹಾಲೂ ಒಂದೇ ಕ್ಯಾನಿನಲ್ಲಿ ಬೆರೆಯುತ್ತದೆ. ಅಳೆಯುವವನು ಕೊಬ್ಬಿನ ಅಂಶವನ್ನು ನೋಡಿ ಬೆಲೆ ಕಟ್ಟುವನು. ಹಾಸನದ ಮಂಡಿಯಲ್ಲಿ ಆಲೂಗೆಡ್ಡೆಯ ಚೀಲವನ್ನು ಬಿಚ್ಚಿದವನು ಗೆಡ್ಡೆಯ ಗಾತ್ರವನ್ನು ನೋಡುವನು. ಹೀಗಿರಲು ಅದೇ ಹಾಲಿನ ಕಾಫಿಯನ್ನು ಕೊಡುವಾಗ ಲೋಟವು ಯಾಕೆ ಎರಡಾಗುವದು? ಹಣವು ಮೈಲಿಗೆಯಾಗದು, ಲೋಟವು ಮಾತ್ರ ಆಗುವದಂತೆ!

ಈ ವಿಚಿತ್ರವು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಅಮೇರಿಕದ ಗ್ರೀನ್ಸ್‌ಬರೋ ಎಂಬ ಪಟ್ಟಣದಲ್ಲಿ ವೂಲ್ವರ್ತ್ ಎಂಬವರ ದೊಡ್ಡ ಅಂಗಡಿಯಿತ್ತು. ಅಲ್ಲಿ ಕಪ್ಪು ಜನರು ಹಣಕೊಟ್ಟು ಸಾಮಾನುಗಳನ್ನು ಕೊಳ್ಳಬಹುದಾಗಿತ್ತು; ಅದೇ ಅಂಗಡಿಯ ಊಟದ ಕಟ್ಟೆಯಲ್ಲಿ ಕುಳಿತರೆ ಅವರಿಗೆ ಕಾಫಿ ಕೊಡುತ್ತಿರಲಿಲ್ಲ. 1960ನೆಯ ಇಸವಿ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಮೊದಲು ಸಾಮಾನು ಕೊಂಡು, ಅನಂತರ ಆ ಕಟ್ಟೆಯಲ್ಲಿ ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ; ಅವರು ಏಳಲಿಲ್ಲ. ಮರುದಿನ ಇನ್ನೂ ಹೆಚ್ಚು ಮಂದಿ ಬಂದು ಕುಳಿತರು. ಅವರು ಯಾರನ್ನೂ ಬೈಯಲಿಲ್ಲ, ಏನನ್ನೂ ಒಡೆಯಲಿಲ್ಲ. ಅಂಗಡಿಯ ವ್ಯಾಪಾರವು ಇಳಿದುಹೋಯಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಕಟ್ಟೆಯು ಎಲ್ಲರಿಗೂ ತೆರೆಯಿತು. ಅಲ್ಲಿ ಮೈಬಣ್ಣ, ಇಲ್ಲಿ ಹುಟ್ಟಿದ ಕೇರಿ. ಲೋಟದ ಲೆಕ್ಕವು ಒಂದೇ.

ನಮ್ಮ ಜಿಲ್ಲೆಯ ಸಂಗತಿಯೊಂದನ್ನು ಹೇಳುವೆನು. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ಸ್ವಸಹಾಯ ಸಂಘದ ದಲಿತ ಸ್ತ್ರೀಯರು ಸಂಘದ ಇತರ ಸದಸ್ಯೆಯರೊಂದಿಗೆ ಬಸವೇಶ್ವರ ದೇವಸ್ಥಾನವನ್ನು ಪ್ರವೇಶಿಸಿದರು. ಇದಕ್ಕಾಗಿ ಅವರಿಗೆ 1000 ರೂಪಾಯಿ ದಂಡ ಹಾಕಿದರೆಂಬ ದೂರು ಜಿಲ್ಲೆಯನ್ನೆಲ್ಲಾ ಕಲಕಿತು. ಸಂಘದಲ್ಲಿ ಕೂಡಿ ಹಣ ಉಳಿಸಬಹುದು, ಸಾಲಕ್ಕೆ ಒಬ್ಬರಿಗೊಬ್ಬರು ಹೊಣೆ ನಿಲ್ಲಬಹುದು. ಹೊಸ್ತಿಲನ್ನು ಕೂಡಿ ದಾಟಬಾರದೆಂಬದು ಇದರ ಅರ್ಥ. ವ್ಯಾಪಾರವು ತನ್ನಷ್ಟಕ್ಕೆ ಭೇದವನ್ನು ಅಳಿಸುವದೆಂದು ನಂಬುವವರು ಈ ಸಂಗತಿಯನ್ನು ಚೆನ್ನಾಗಿ ಆಲೋಚಿಸಲಿ.

ಹಿಂದೆ ಮಂಗಳೂರಿನಲ್ಲಿ ಕ್ರೈಸ್ತರಾದವರು ಮನೆಯನ್ನೂ ಕಸುಬನ್ನೂ ಕಳಕೊಂಡಾಗ ಬಾಸೆಲ್ ಮಿಶನ್ನಿನವರು ಅವರಿಗಾಗಿ ಮಗ್ಗಗಳನ್ನು ಹಾಕಿಸಿದರು. 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಆ ಹೆಂಚು ದೂರದೂರದ ಊರುಗಳಿಗೆ ಹೋಯಿತು. ಮುಟ್ಟಬಾರದೆಂದು ದೂರವಿಟ್ಟವರೂ ಆ ಕೈಗಳು ತಟ್ಟಿದ ಹೆಂಚಿನ ಕೆಳಗೆ ಮಲಗಿದರು. ಆದರೆ ಕಾರ್ಖಾನೆಯು ಕೂಲಿಗಾರರದಾಗಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅದು ಮಿಶನ್ನಿನ ಕೈತಪ್ಪಿದಾಗ, ಕೆಲಸ ಮಾಡಿದವರನ್ನು ಕೇಳುವವರಾರೂ ಇರಲಿಲ್ಲ. ಆದಕಾರಣ ಚಿಕ್ಕದಾದರೂ ಸ್ವಂತದ್ದಾಗಿರುವ ಹೊಲಿಗೆಯಂತ್ರವು, ಸೈಕಲ್ ರಿಪೇರಿಯ ಅಂಗಡಿಯು, ಎರಡು ಹಸುಗಳು ಇವೇ ಮೇಲೆಂದು ನನ್ನ ಅಭಿಪ್ರಾಯ.

ನಮ್ಮೊಳಗಿನ ಮಾತನ್ನೂ ಆಡಿಬಿಡೋಣ. ಅಂತಿಯೋಕ್ಯದಲ್ಲಿ ಪೇತ್ರನು ಬೇರೆಯವರೊಂದಿಗೆ ಊಟಮಾಡುವದನ್ನು ಬಿಟ್ಟು ಹಿಂಜರಿದಾಗ ಪೌಲನು ಎಲ್ಲರ ಮುಂದೆಯೇ ಅವನನ್ನು ಎದುರಿಸಿದನು. ಈ ಪೌಲನು ಗುಡಾರ ಹೊಲಿದು ಹೊಟ್ಟೆಹೊರೆದವನು. ಮದುವೆಯ ಮಾತು ಬಂದಾಗ ಯಾವ ಕೇರಿಯಿಂದ ಸಭೆಗೆ ಬಂದವರೆಂದು ವಿಚಾರಿಸುವ ಮನೆಗಳು ನಮ್ಮಲ್ಲಿ ಇಲ್ಲವೋ? ಹೋಟೆಲಿನವನ ಮೇಲೆ ದೂರು ಹೇಳುವದಕ್ಕೆ ಮುಂಚೆ ಇದನ್ನು ಸಭೆಯ ಹಿರಿಯರು ತೀರಿಸಿಕೊಳ್ಳತಕ್ಕದ್ದು.

ಕಾನೂನಿನ ವಿಷಯವಾಗಿ ನಮ್ಮವರಲ್ಲಿ ಬಹಳ ಗಲಿಬಿಲಿ ಇದೆ. 1989ರ ದೌರ್ಜನ್ಯ ತಡೆ ಕಾಯಿದೆಯು ಪರಿಶಿಷ್ಟ ಜಾತಿ ಪಂಗಡಗಳವರಿಗೆ ಸೇರಿದ್ದು. 1950ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಹಿಂದೂ, ಸಿಖ್, ಬೌದ್ಧರ ಹೊರತು ಬೇರೆಯವರು ಪರಿಶಿಷ್ಟ ಜಾತಿಯವರೆಂದು ಎಣಿಸಲ್ಪಡುವದಿಲ್ಲ. ಸಿಖ್ಖರು 1956ರಲ್ಲಿ, ಬೌದ್ಧರು 1990ರಲ್ಲಿ ಸೇರಿಸಲ್ಪಟ್ಟರು. ಆದ್ದರಿಂದ ದೀಕ್ಷಾಸ್ನಾನ ಹೊಂದಿದ ನಮ್ಮ ಸಹೋದರನು, ಊರವರ ಕಣ್ಣಿಗೆ ಹಳೆಯ ಜಾತಿಯವನಾಗಿಯೇ ಉಳಿದರೂ, ಆ ಕಾಯಿದೆಯ ಆಸರೆಯನ್ನು ಕಳಕೊಳ್ಳುವನು. ಆದರೆ ಕೈಬರಿದಾಯಿತೆಂದು ಕೂರಬೇಡಿರಿ. ಸಂವಿಧಾನದ 15ನೆಯ ವಿಧಿಯು ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಎಲ್ಲಾ ಪ್ರಜೆಗಳಿಗೂ ತೆರೆದಿದೆ. 17ನೆಯದು ಅಸ್ಪೃಶ್ಯತೆಯನ್ನೇ ತೆಗೆದುಹಾಕಿದೆ. 1955ರ ಕಾಯಿದೆಯು, 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ಕರೆಯಲ್ಪಡುವದು, ಮತವನ್ನು ಕೇಳದೆ ಯಾವ ವ್ಯಕ್ತಿಗಾದರೂ ಸಲ್ಲುವದು. ಅಸ್ಪೃಶ್ಯತೆಯ ಕಾರಣದಿಂದ ಹೋಟೆಲಿನ ಪಾತ್ರೆಗಳನ್ನು ಬಳಸಗೊಡದಿದ್ದರೂ, ಕಸುಬು ವ್ಯಾಪಾರಗಳಿಗೆ ಅಡ್ಡಿಮಾಡಿದರೂ ಒಂದು ತಿಂಗಳಿಂದ ಆರು ತಿಂಗಳ ವರೆಗೆ ಸೆರೆಯೂ, 100ರಿಂದ 500 ರೂಪಾಯಿಗಳ ವರೆಗೆ ದಂಡವೂ ಉಂಟು.

ಇಂಥದ್ದು ಸಂಭವಿಸಿದರೆ ಅದೇ ದಿನ ತಾರೀಖು, ಹೊತ್ತು, ಸ್ಥಳ, ಆಡಿದ ಮಾತು, ಕಂಡವರ ಹೆಸರು ಇವುಗಳನ್ನು ಬರೆದಿಡಿರಿ. ಓದು ಬಾರದವರಿಗೆ ಉಪದೇಶಿಗಳು ಬರೆದುಕೊಡಲಿ. ಠಾಣೆಗೆ ಒಬ್ಬರೇ ಹೋಗದೆ ಇಬ್ಬರು ಮೂವರು ಕೂಡಿ ಹೋಗಿ, ದೂರನ್ನು ಕೊಟ್ಟದ್ದಕ್ಕೆ ರಸೀತಿಯನ್ನು ಕೇಳಿ ಪಡೆದುಕೊಂಡು ಬನ್ನಿರಿ.