ಕೈ ನಡುಗಿದರೆ ವಯಸ್ಸಾಯ್ತು ಅಂತ ಬಿಡಬೇಡಿ: ಪಾರ್ಕಿನ್ಸನ್ ಕಾಯಿಲೆ



ಬ್ಯಾಟರಾಯನಪುರದ ಸಂಘಗಳ ಸಭೆಯಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ: “ನಮ್ಮತ್ತೆಗೆ ಕೈ ನಡುಗುತ್ತೆ ಸಿಸ್ಟರ್, ವಯಸ್ಸಾಯ್ತಲ್ಲ.” ನಡುಕವೆಲ್ಲ ಒಂದೇ ಕಾಯಿಲೆಯಲ್ಲ, ನಿಜ. ಆದರೆ ಮಡಿಲಲ್ಲಿ ಸುಮ್ಮನೆ ಇಟ್ಟುಕೊಂಡ ಕೈ, ಅದೂ ಒಂದೇ ಕಡೆಯ ಕೈ, ಕಾಳು ಉರುಳಿಸಿದ ಹಾಗೆ ನಡುಗಿದರೆ ಅದು ಪಾರ್ಕಿನ್ಸನ್ ಕಾಯಿಲೆ ಇರಬಹುದು.

1817ರಲ್ಲಿ ಲಂಡನ್ನಿನ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ ಇದರ ಬಗ್ಗೆ ಬರೆದರು, ಅವರ ಹೆಸರೇ ಉಳಿಯಿತು. ಆಯುರ್ವೇದದಲ್ಲಿ ಹೇಳುವ ಕಂಪವಾತವೂ ಇದನ್ನೇ ಹೋಲುತ್ತದೆ. ಮೆದುಳಿನೊಳಗೆ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳಿವೆ. ಹೊಲಿಗೆ ಮಿಷನ್ನಿಗೆ ಎಣ್ಣೆ ಇದ್ದ ಹಾಗೆ, ಕೈಕಾಲು ಸಲೀಸಾಗಿ ಆಡಲು ಡೋಪಮೈನ್ ಬೇಕು. ಈ ಜೀವಕೋಶಗಳು ಸದ್ದಿಲ್ಲದೆ ಸಾಯುತ್ತಾ ಹೋಗುತ್ತವೆ. ನಡುಕ ಕಾಣುವ ಹೊತ್ತಿಗೆ ಬಹಳಷ್ಟು ಹೋಗಿರುತ್ತವೆ. ಇದು ಮಾಟ, ದೃಷ್ಟಿ ಅಲ್ಲ. ಅಂಟುರೋಗವೂ ಅಲ್ಲ.

ನಡುಕಕ್ಕಿಂತ ಮನೆಯವರಿಗೆ ಹೆಚ್ಚು ತೊಂದರೆ ಕೊಡುವುದು ನಿಧಾನ. ಕೆಲವರಿಗೆ ನಡುಕವೇ ಇರುವುದಿಲ್ಲ. ರವಿಕೆಯ ಹುಕ್ಕು ಹಾಕಲು ಹತ್ತು ನಿಮಿಷ ಬೇಕು. ಭುಜ ಬಿಗಿಯುತ್ತದೆ, ದನಿ ತಗ್ಗುತ್ತದೆ, ನಡೆಯುವಾಗ ಒಂದು ಕೈ ಬೀಸುವುದಿಲ್ಲ. ಸಂಘದ ಪುಸ್ತಕದಲ್ಲಿ ಹಾಕುವ ಸಹಿ ಬರಬರುತ್ತಾ ಇರುವೆಯಷ್ಟಾಗುತ್ತದೆ. (ಹಳೆಯ ಪುಟ ತಿರುಗಿಸಿ ನೋಡಿ, ಗೊತ್ತಾಗುತ್ತದೆ.) ಮುಖದಲ್ಲಿ ನಗು ಕಾಣುವುದಿಲ್ಲ. “ಅತ್ತೆ ಮುಖ ಗಂಟು ಹಾಕ್ಕೊಂಡವ್ರೆ” ಅಂತ ಸೊಸೆ ನೊಂದುಕೊಳ್ಳುತ್ತಾಳೆ, “ಬೇಕಂತಲೇ ನಿಧಾನ ಮಾಡ್ತೀಯ” ಅಂತ ಮಗ ಬೈಯುತ್ತಾನೆ. ಪಾಪ, ಆಕೆ ಬೇಕಂತ ಮಾಡಿದ್ದಲ್ಲ. ಮಲಬದ್ಧತೆ, ವಾಸನೆ ಗೊತ್ತಾಗದಿರುವುದು, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು, ಇವು ಎಷ್ಟೋ ವರ್ಷ ಮೊದಲೇ ಬರಬಹುದು. ಮನಸ್ಸು ಕುಗ್ಗುವುದೂ ಕಾಯಿಲೆಯದೇ ಭಾಗ.

ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಇಲ್ಲ. ಆದರೆ ಲೆವೊಡೋಪಾ ಮಾತ್ರೆ ಮೆದುಳಿಗೆ ಹೋಗಿ ಡೋಪಮೈನ್ ಆಗುತ್ತದೆ, ಓಡಾಟ ಸುಲಭವಾಗುತ್ತದೆ. ಬೇಳೆ, ಹಾಲು, ಮೊಟ್ಟೆಯ ಜೊತೆ ತೆಗೆದುಕೊಂಡರೆ ಅದು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುತ್ತಾರೆ. ದುಡ್ಡಿಲ್ಲವೆಂದು ಥಟ್ಟನೆ ನಿಲ್ಲಿಸುವುದು ಅಪಾಯ. ಅದಕ್ಕಾಗಿ ಸಂಘದಲ್ಲಿ ಸಾಲ ಕೇಳಲು ನಾಚಿಕೆ ಬೇಡ. ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆ, ಹಾಗಂತ ಪುಡಿ ತಂದು ನೀವೇ ಕೊಡಬೇಡಿ, ಪ್ರಮಾಣ ತಪ್ಪುತ್ತದೆ. ವಾಂತಿಗೆ, ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಇಂಥದೇ ನಡುಕ ಬರುತ್ತದೆ. ಆದ್ದರಿಂದ ಹೊಸೂರು ರಸ್ತೆಯ ನಿಮ್ಹಾನ್ಸ್‌ಗಾಗಲಿ, ಬೇರೆ ನರರೋಗ ತಜ್ಞರ ಹತ್ತಿರವಾಗಲಿ ಹೋಗುವಾಗ ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ.

ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟರೆ ಕೈಹಿಡಿದು ಎಳೆಯಬೇಡಿ, ಬೀಳುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ ಎಳೆದು “ಇದನ್ನ ದಾಟಮ್ಮ” ಅನ್ನಿ. ಎಷ್ಟೋ ಸಲ ಕಾಲು ತಾನಾಗಿ ಎದ್ದುಬರುತ್ತದೆ.